ಲಕಲಕಮ್ಮ ಹೆಚ್ಚಾಗಿ ತೊಳೆದ ಮೂರು ವಾರ

ಸೀಸೆ ತೊಳೆಯುವುದು ಅವಳ ಕೆಲಸ. ಹಾಗೆಂದರೆ ಕೇಳಿದವರು ಒಮ್ಮೆ ‘ಓಹೋ’ ಎಂದು ಬೇರೆ ಮಾತು ತೆಗೆಯುತ್ತಾರೆ. ತೆಗೆಯಲಿ. ಅವಳು ತೊಳೆದ ಸೀಸೆಯಲ್ಲಿ ಹೋದ ಔಷಧ ಎಷ್ಟು ಜನರ ಹೊಟ್ಟೆಯೊಳಗಿನ ಗಡ್ಡೆ ಕರಗಿಸಿದೆ ಎಂದು ಗೊತ್ತಾದರೆ ಆ ಓಹೋ ಎಂದವರೇ ಕುರ್ಚಿ ತಂದು ಕೂರಿಸಿಯಾರು.

ಕೆಲಸದ ಜಾಗವಾದ ವಿಕಿರಣ ಔಷಧ ತಯಾರಿಸುವ ಕೇಂದ್ರದಲ್ಲಿ ಅವಳನ್ನು ಲಕಲಕಮ್ಮ ಎನ್ನುತ್ತಿದ್ದರು. ಇಪ್ಪತ್ತೆರಡು ವರ್ಷದ ಹಿಂದೆ, ಸೇರಿದ ಮೊದಲ ವಾರ, ಅವಳು ತೊಳೆದಿಟ್ಟ ಗಾಜನ್ನು ಬೆಳಕಿಗೆ ಹಿಡಿದವರು ಯಾರೋ “ಲಕಲಕ ಅಂತಿದೆಯಲ್ಲಮ್ಮ!” ಎಂದಿದ್ದರು. ಹೆಸರು ಅಂಟಿಕೊಂಡಿತು. ಅದನ್ನು ಕೇಳಿ ಮನೆಯಲ್ಲಿ ಗಂಡ ಬಿದ್ದುಬಿದ್ದು ನಕ್ಕ. ಏಕೆಂದರೆ ಅವರ ಮನೆಯ ಸಿಂಕಿನಲ್ಲಿ ಹಿಂದಿನ ದಿನದ ಪಾತ್ರೆಗಳು ಯಾವತ್ತೂ ರಾಶಿ ಬಿದ್ದಿರುತ್ತಿದ್ದವು. “ಊರಿಗೆ ಉಪಕಾರಿ, ಮನೆಗೆ ಮಾರಿ” ಎಂದು ಗೊಣಗುತ್ತ ಅವನೇ ತೋಳು ಮಡಚಿ ತೊಳೆಯುತ್ತಿದ್ದ. ಅವಳು ಕಾಲು ಚಾಚಿ ಕೂತು, “ದಿನವೆಲ್ಲ ತೊಳೆದು ಬಂದೋಳಿಗೆ ಇನ್ನೊಂದು ಲೋಟ ತೋರಿಸಬೇಡಿ” ಎನ್ನುತ್ತಿದ್ದಳು. ಇಪ್ಪತ್ತೆರಡು ವರ್ಷದಿಂದ ಸಂಸಾರ ಇದೇ ಒಪ್ಪಂದದ ಮೇಲೆ ಸುಸೂತ್ರವಾಗಿ ನಡೆದಿತ್ತು.

ಅವಳು ತೊಳೆಯುವ ಕೋಣೆ ಕಾರಿಡಾರಿನ ತುದಿಯಲ್ಲಿತ್ತು. ಎರಡು ಪ್ಲಾಸ್ಟಿಕ್ ತೊಟ್ಟಿ, ಒಂದರಲ್ಲಿ ತೆಳು ಆಸಿಡ್, ಇನ್ನೊಂದರಲ್ಲಿ ಉಪ್ಪಿನಂಶವೂ ಇಲ್ಲದಂತೆ ಸೋಸಿದ ನೀರು. ಸೀಸೆಗಳು ಒಂದು ರಾತ್ರಿ ಆಸಿಡ್‌ನಲ್ಲಿ ಮುಳುಗಿರಬೇಕು, ಬೆಳಿಗ್ಗೆ ಮೂರು ನೀರು ಕಾಣಬೇಕು, ಆಮೇಲೆ ಗಾಳಿ ಸೋಸುವ ಪೆಟ್ಟಿಗೆಯೊಳಗೆ ಒಣಗಬೇಕು. ಆ ಕೋಣೆಯಲ್ಲಿ ಲೋಹ ಎನ್ನುವುದೇ ಸುಳಿಯಬಾರದು. ಚಿಮಟ ಪ್ಲಾಸ್ಟಿಕ್ಕಿನದು, ಕುರ್ಚಿ ಪ್ಲಾಸ್ಟಿಕ್ಕಿನದು, ಬಾಗಿಲ ಹಿಡಿಯನ್ನೂ ತೆಗೆಸಿ ಹಗ್ಗ ಕಟ್ಟಿದ್ದರು. ಉಂಗುರ, ಗಡಿಯಾರ, ಪಿನ್ನು ಎಲ್ಲ ಹೊರಗಿನ ಡಬ್ಬಿಗೆ. ಒಮ್ಮೆ ದೀಪ ಸರಿಮಾಡಲು ಬಂದ ಎಲೆಕ್ಟ್ರಿಷಿಯನ್ ಕಿಸೆಯಿಂದ ಸ್ಕ್ರೂ ಒಂದು ನೆಲಕ್ಕೆ ಬಿತ್ತೆಂದು ಅವಳು ಇಡೀ ಕೋಣೆಯನ್ನು ಎರಡು ಸಲ ತೊಳೆಸಿದ್ದಳು. ಆತ ಅವತ್ತಿನಿಂದ ಆ ಕಾರಿಡಾರಿನಲ್ಲಿ ಕಾಲಿಡುವ ಮೊದಲು ಕಿಸೆ ಮುಟ್ಟಿ ನೋಡಿಕೊಳ್ಳುತ್ತಿದ್ದ.

ಇಷ್ಟು ಮಡಿ ಯಾಕೆ ಎಂಬುದನ್ನು ಅವಳಿಗೆ ತಿಳಿಸಿ ಹೇಳಿದವರು ಮೇಡಂ. ಮೇಡಂ ಎಂದರೆ ಆ ವಿಭಾಗದ ಮುಖ್ಯ ಕೆಮಿಸ್ಟ್, ಲಕಲಕಮ್ಮನಿಗಿಂತ ಹತ್ತು ವರ್ಷ ಚಿಕ್ಕವರು, ನಕ್ಕರೆ ಏನೋ ಕಳೆದುಹೋಗುತ್ತದೆ ಎಂಬಂತೆ ಇರುವವರು. ಅವರು ಬರುವ ಮೊದಲು ಆ ಕಟ್ಟಡದಲ್ಲಿ ತಯಾರಾಗುತ್ತಿದ್ದುದು ವಿಕಿರಣ ಸೂಸುವ ಅಯೋಡಿನ್ ಒಂದೇ. ಅದು ಗಂಟಲಿನ ಗ್ರಂಥಿಯನ್ನು ತಾನಾಗಿಯೇ ಹುಡುಕಿಕೊಂಡು ಹೋಗುತ್ತದೆ, ಬೇರೆಲ್ಲೂ ನಿಲ್ಲುವುದಿಲ್ಲ. ಬೇರೆ ಜಾಗದ ಗಡ್ಡೆಗೆ ಬೇರೆಯದೇ ಬೇಕು. ಯಾವುದನ್ನು ಆರಿಸುವುದು ಎಂದು ಆರು ತಿಂಗಳು ಮೀಟಿಂಗ್ ಮೇಲೆ ಮೀಟಿಂಗ್ ನಡೆಯಿತು. ಮುಗಿದ ದಿನ ಮೇಡಂ ಟೀ ಹಿಡಿದುಕೊಂಡು ತೊಳೆಯುವ ಕೋಣೆಯ ಬಾಗಿಲಲ್ಲಿ ನಿಂತು, ಯಾರಿಗಾದರೂ ಹೇಳಲೇಬೇಕು ಎಂಬಂತೆ ಹೇಳಿದರು.

“ವಿಕಿರಣ ಬೇಗ ಸಾಯೋದು ಬೇಡ, ಆಸ್ಪತ್ರೆ ಮುಟ್ಟೋ ಮೊದಲೇ ಮುಗಿದುಹೋಗತ್ತೆ. ನಿಧಾನಕ್ಕೆ ಸಾಯೋದೂ ಬೇಡ, ಮೈಯಲ್ಲೇ ಕೂತು ಬೇಡದ ಕೆಲಸ ಮಾಡತ್ತೆ. ಯಿಟ್ರಿಯಂ ಅಂತ ಒಂದಿದೆ, ಅದರ ಕೈ ಉದ್ದ. ಚಿಕ್ಕ ಗಡ್ಡೆಗೆ ಹೊಡೆಯಕ್ಕೆ ಹೋಗಿ ಪಕ್ಕದಲ್ಲಿರೋದಕ್ಕೂ ಬಾರಿಸತ್ತೆ. ಆಕ್ಟಿನಿಯಂ ಏಟು ಜೋರು, ಆದ್ರೆ ಪ್ರಪಂಚದಲ್ಲಿ ಸಿಗೋದೇ ಒಂದು ತೊಟ್ಟು. ಕೊನೆಗೆ ಲುಟೇಶಿಯಂ ಅಂತ ಆಯ್ತು. ಆರೂವರೆ ದಿನಕ್ಕೆ ಅರ್ಧ ಆಗತ್ತೆ, ಒಂದೆರಡು ಮಿಲಿಮೀಟರ್ ದಾಟಿ ಹೊಡೆಯಲ್ಲ, ಎಲ್ಲಿ ಹೋಯ್ತು ಅಂತ ಕ್ಯಾಮೆರಾಗೂ ಕಾಣತ್ತೆ.”

“ಅಳಿಯನ್ನ ಹುಡುಕಿದ ಹಾಗಾಯ್ತಲ್ಲ ಮೇಡಂ” ಎಂದಳು ಲಕಲಕಮ್ಮ. “ತೀರಾ ಹತ್ತಿರದೋನೂ ಆಗಬಾರದು, ತೀರಾ ದೂರದೋನೂ ಆಗಬಾರದು, ಕಣ್ಣಿಗೆ ಕಾಣ್ತಾ ಇರಬೇಕು.”

ಮೇಡಂ ನಗಲಿಲ್ಲ, ಆದರೆ ಬಾಯಿಗೆ ಹೋಗುತ್ತಿದ್ದ ಟೀ ಒಂದು ಕ್ಷಣ ನಿಂತಿತು. ಆಮೇಲೆ ಮುಖ್ಯವಾದದ್ದನ್ನು ಹೇಳಿದರು. ಲುಟೇಶಿಯಂ ತಾನಾಗಿ ಗಡ್ಡೆಗೆ ಹೋಗುವುದಿಲ್ಲ. ಗಡ್ಡೆಗೆ ಅಂಟುವ ಔಷಧವೊಂದಿದೆ. ಅದರ ಬಾಲಕ್ಕೆ ಸಣ್ಣ ಗೂಡೊಂದನ್ನು ಕಟ್ಟಿರುತ್ತಾರೆ. ಲುಟೇಶಿಯಂ ಆ ಗೂಡಿನಲ್ಲಿ ಕೂತು ಸವಾರಿ ಮಾಡಬೇಕು. ಆದರೆ ಗೂಡಿಗೆ ಭೇದಭಾವ ಇಲ್ಲ. ಕಬ್ಬಿಣ ಬಂದರೂ ಕೂರಿಸಿಕೊಳ್ಳುತ್ತದೆ, ಸತು ಬಂದರೂ ಕೂರಿಸಿಕೊಳ್ಳುತ್ತದೆ. ಅವು ಮೊದಲೇ ಬಂದು ಬಸ್ಸಿನ ಸೀಟಿಗೆ ಕರ್ಚೀಫು ಹಾಕಿದ ಹಾಗೆ ಹಾಕಿಬಿಟ್ಟರೆ ಲುಟೇಶಿಯಂ ನಿಂತೇ ಇರುತ್ತದೆ. ನಿಂತದ್ದು ರೋಗಿಯ ಮೈಗೆ ಹೋದರೆ ಗಡ್ಡೆಯ ಬದಲು ಮೂಳೆಗೆ ಹೋಗಿ ಕೂರುತ್ತದೆ. ಕೋಟಿಯಲ್ಲಿ ಒಂದೆರಡು ಪಾಲು ಲೋಹ ಬೆರೆತರೂ ಸಾಕು, ಔಷಧ ಕೆಟ್ಟಂತೆ. ಈ ಮಾತು ಲಕಲಕಮ್ಮನ ಮನಸ್ಸಿನಲ್ಲಿ ನಾಟಿತು. ಅವತ್ತಿನಿಂದ ಅವಳು ತೊಳೆಯುವುದನ್ನು ಕಾವಲು ಕಾಯುವ ಕೆಲಸ ಎಂದೇ ತಿಳಿದಳು.

ಕೆಲಸದ ವಾರ ಹೀಗೆ. ಸೋಮವಾರ ದೂರದ ರಿಯಾಕ್ಟರಿನಿಂದ ದಪ್ಪ ಸೀಸದ ಡಬ್ಬಿಯೊಂದು ಬರುತ್ತದೆ. ಅದರೊಳಗಿನ ಸ್ಫಟಿಕದ ಕೊಳವೆಯಲ್ಲಿ ಚಿಟಿಕೆಗಿಂತ ಕಡಿಮೆ ಪುಡಿ. ದಿನಗಟ್ಟಲೆ ನ್ಯೂಟ್ರಾನ್ ಏಟು ತಿಂದು ಲುಟೇಶಿಯಂ ಆಗಿ ಬಂದದ್ದು. ಅದನ್ನು ದಪ್ಪ ಗಾಜಿನ ಈಚೆ ನಿಂತು, ಆಚೆಯ ಯಂತ್ರದ ಕೈಗಳಿಂದ ಒಡೆದು ಕರಗಿಸುವವನು ಕೈಯಣ್ಣ. ಅರ್ಧವನ್ನು ಮಂಗಳವಾರ ಔಷಧಕ್ಕೆ ಸೇರಿಸುತ್ತಾರೆ, ಅದು ಇದೇ ಊರಿನ ದೊಡ್ಡಾಸ್ಪತ್ರೆಗೆ. ಇನ್ನರ್ಧ ಗುರುವಾರ, ಅದು ಬೇರೆ ಊರಿಗೆ. ಕಳಿಸುವ ಮೊದಲು ಒಂದು ಹನಿಯನ್ನು ಕಾಗದದ ಪಟ್ಟಿಯ ಮೇಲೆ ಹತ್ತಿಸಿ, ನೂರಕ್ಕೆ ಎಷ್ಟು ಗೂಡಿನಲ್ಲಿ ಕೂತಿದೆ ಎಂದು ನೋಡುತ್ತಾರೆ. ತೊಂಬತ್ತೈದು ದಾಟಬೇಕು. ಯಾವಾಗಲೂ ತೊಂಬತ್ತೊಂಬತ್ತು ಬರುತ್ತಿತ್ತು. ಯಾರಿಗೆ ಹೋಗುತ್ತದೆ ಎಂದು ಕೇಳುವ ಹಾಗಿಲ್ಲ. ರೋಗಿಗಳೆಲ್ಲ ಬರೀ ನಂಬರು.

ಆ ನಂಬರುಗಳಲ್ಲಿ ಒಂದು ಅಕ್ಕನದಾಯಿತು.

ಅಕ್ಕ ಐದು ಮಕ್ಕಳಲ್ಲಿ ಹಿರಿಯವಳು. ತಾಯಿ ಬೇಗ ಹೋದ ಮನೆಯಲ್ಲಿ ಹಿರಿಯ ಮಗಳಾಗಿ ಹುಟ್ಟುವುದು ಎಂದರೆ ಏನು ಎಂದು ವಿವರಿಸಬೇಕಿಲ್ಲ. ಹದಿನಾರಕ್ಕೇ ಹೊಲಿಗೆ ಯಂತ್ರದ ಮುಂದೆ ಕೂತು ಶಾಲೆ ಮಕ್ಕಳ ಸಮವಸ್ತ್ರ ಹೊಲಿದು ನಾಲ್ವರನ್ನೂ ದಡ ಮುಟ್ಟಿಸಿದಳು. ತನಗೆ ಅಂತ ಹೊಲಿದುಕೊಂಡದ್ದು ಕಡಿಮೆ. ಉಳಿದ ಬಟ್ಟೆಯ ಚೂರುಗಳಲ್ಲೇ ಅವಳ ರವಿಕೆಗಳು ಆಗುತ್ತಿದ್ದವು, ಒಂದು ತೋಳು ಒಂದು ಬಣ್ಣ ಇನ್ನೊಂದು ತೋಳು ಇನ್ನೊಂದು. ಬಾಯಿ ಮಾತ್ರ ಕತ್ತರಿ. ಅರವತ್ತೆರಡನೆಯ ವಯಸ್ಸಿನಲ್ಲಿ ಕರುಳಿನ ಗಡ್ಡೆ ಯಕೃತ್ತಿನ ತುಂಬ ಹಬ್ಬಿದೆ ಎಂದು ಡಾಕ್ಟರು ಹೇಳಿದಾಗ, “ಬಾಡಿಗೆ ಕೊಡದೆ ಅಷ್ಟು ದಿನ ಇತ್ತಾ?” ಎಂದು ಕೇಳಿದ್ದಳು.

ಡಾಕ್ಟರು ಬರೆದದ್ದು ಇದೇ ಔಷಧ, ಇದೇ ಲುಟೇಶಿಯಂ. ಬುಧವಾರಕ್ಕೆ ನಂಬರು ಸಿಕ್ಕಿತು. ಬುಧವಾರ ದೊಡ್ಡಾಸ್ಪತ್ರೆ ಎಂದರೆ ಮಂಗಳವಾರದ ತಯಾರಿ. ಅಕ್ಕನ ಮಗಳು ಲಕಲಕಮ್ಮನಿಗೆ ಫೋನು ಮಾಡಿ ಹೇಳಿದಳು. ಮನೆಯವರು ರೋಗಿಗಳ ಪಟ್ಟಿಯಲ್ಲಿದ್ದರೆ ಮೇಡಂಗೆ ತಿಳಿಸಬೇಕೆಂಬ ನಿಯಮ ಗೋಡೆಯ ಮೇಲೇ ಇತ್ತು. ತಿಳಿಸಿದರೆ ಮಂಗಳವಾರದ ಕೆಲಸದಿಂದ ತನ್ನನ್ನು ಬಿಡಿಸುತ್ತಾರೆ, ಬೇರೆ ಯಾರೋ ತೊಳೆಯುತ್ತಾರೆ. ಬೇರೆ ಯಾರೋ ತೊಳೆದ ಸೀಸೆ ಅಕ್ಕನಿಗೆ? ಅವಳು ಉಸಿರೆತ್ತಲಿಲ್ಲ.

ಆ ವಾರ ಅವಳು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ತೊಳೆದಳು. ಸೀಸೆಗೆ ಮೂರು ನೀರಿನ ಬದಲು ಆರು ನೀರು. ಗಾಜಿನದು ಮುಗಿದ ಮೇಲೆ ಕಣ್ಣು ಸೀಸೆಯ ಬಾಯಿಗೆ ಹಾಕುವ ರಬ್ಬರ್ ಬಿರಡೆಗಳ ಮೇಲೆ ಬಿತ್ತು. ಬೂದು ಬಣ್ಣದ, ಗುಂಡಿಯಷ್ಟು ಅಗಲದ ಬಿರಡೆ. ಅದಕ್ಕೆ ನಿಯಮ ಬಹಳ ಸುಲಭ: ಎರಡು ನೀರಿನಲ್ಲಿ ಅದ್ದಿ ತೆಗೆಯಬೇಕು, ಅಷ್ಟೇ. ಇಷ್ಟು ವರ್ಷ ಅದ್ದಿ ತೆಗೆದಿದ್ದಳು. ಅವತ್ತು ಅದು ಮಬ್ಬಾಗಿ ಕಂಡಿತು. ಅಕ್ಕನ ಔಷಧಕ್ಕೆ ತಾಗುವ ಬಿರಡೆ, ಬರೀ ನೀರು ಸಾಕೆ? ಮೃದು ನೈಲಾನ್ ಬ್ರಷ್ ತಂದು ಒಂದೊಂದನ್ನೂ ಉಜ್ಜಿದಳು. ಸೀಸೆಗಳ ಜೊತೆ ರಾತ್ರಿಯಿಡೀ ಆಸಿಡ್‌ನಲ್ಲಿ ನೆನೆಹಾಕಿದಳು. ಬೆಳಿಗ್ಗೆ ತೆಗೆದಾಗ ಹೊಸದರಂತೆ ಕಂಡವು. ಸಮಾಧಾನವಾಯಿತು.

ತೊಳೆದದ್ದನ್ನೆಲ್ಲ ಬರೆಯುವ ಪುಸ್ತಕವೊಂದಿತ್ತು. ಅಲ್ಲಿ ಎಂದಿನಂತೆ ‘ನಿಯಮದ ಪ್ರಕಾರ’ ಎಂದು ಬರೆದಳು. ಕಡಿಮೆ ಮಾಡಿದರೆ ತಪ್ಪು ಎಂದು ಬರೆಯುತ್ತಾರೆ. ಹೆಚ್ಚು ಮಾಡಿದ್ದನ್ನು ಯಾರು ಬರೆಯುತ್ತಾರೆ? ಆ ಕಾರಿಡಾರಿನಲ್ಲಿ ಯಾರೂ ಬರೆಯುತ್ತಿರಲಿಲ್ಲ. ಕೈಯಣ್ಣ ಅಗತ್ಯಕ್ಕಿಂತ ಒಂದು ಸಲ ಹೆಚ್ಚು ಸೋಸಿದರೂ ಬರೆಯುತ್ತಿರಲಿಲ್ಲ, ಹಾಗೆ ಬರೆದರೆ ಜಂಭ ಎನ್ನುತ್ತಿದ್ದರು.

ಮಂಗಳವಾರ ಕಾಗದದ ಪಟ್ಟಿ ಎಂಬತ್ತೆಂಟು ತೋರಿಸಿತು.

ಮೇಡಂ ಮತ್ತೊಂದು ಪಟ್ಟಿ ಹತ್ತಿಸಿದರು. ಎಂಬತ್ತೇಳು. ಔಷಧ ಕಸ ಹಾಕುವ ಸೀಸದ ಗುಂಡಿಗೆ ಹೋಯಿತು. ಆಸ್ಪತ್ರೆಗೆ ಫೋನು ಹೋಯಿತು: ಈ ವಾರ ಇಲ್ಲ. ಗುರುವಾರದ ತಯಾರಿ ತೊಂಬತ್ತೊಂಬತ್ತು ಬಂದು ಬೇರೆ ಊರಿಗೆ ಹೊರಟಿತು.

ಎರಡನೆಯ ಮಂಗಳವಾರ ಎಂಬತ್ತೊಂಬತ್ತು. ಗುರುವಾರ ಮತ್ತೆ ತೊಂಬತ್ತೊಂಬತ್ತು. ಎಲ್ಲರಿಗೂ ತಲೆ ಕೆಟ್ಟಿತು. ಒಂದೇ ಕೊಳವೆಯ ಲುಟೇಶಿಯಂ, ಒಂದೇ ಆಸಿಡ್, ಒಂದೇ ನೀರು, ಒಂದೇ ಕೈ. ಮಂಗಳವಾರಕ್ಕೆ ಏನು ಶನಿ ಹಿಡಿದಿದೆ? ನೀರು ಪರೀಕ್ಷಿಸಿದರು, ಶುದ್ಧ. ಗಾಜು ಪರೀಕ್ಷಿಸಿದರು, ಶುದ್ಧ. ಬಿರಡೆಯನ್ನು ಯಾರೂ ನೋಡಲಿಲ್ಲ, ಅದಕ್ಕೆ ಯಾರೂ ಏನೂ ಮಾಡುವುದಿಲ್ಲವಲ್ಲ.

ಮೇಡಂ ಎಲ್ಲರನ್ನೂ ನಿಲ್ಲಿಸಿ ಕೇಳಿದರು. “ಎರಡು ವಾರದಿಂದ ಯಾರು ಏನು ಬೇರೆ ಥರ ಮಾಡಿದೀರಿ? ಬೈಯಲ್ಲ. ಒಳ್ಳೇದಕ್ಕೆ ಅಂತ ಮಾಡಿದ್ರೂ ಹೇಳಿ.”

ಲಕಲಕಮ್ಮ ಎದೆಯೆತ್ತಿ, “ನನ್ನ ಕಡೆಯಿಂದ ಎಳ್ಳಷ್ಟೂ ಕಡಿಮೆ ಆಗಿಲ್ಲ ಮೇಡಂ” ಎಂದಳು. ಅದು ಸುಳ್ಳಲ್ಲ. ಅವಳನ್ನು ಬೈಯಬೇಕೆನ್ನಿಸಿದರೆ ಈ ಜಾಗದಲ್ಲಿ ಬೈಯಬೇಕು: ಕೇಳಿದ್ದು ಕಡಿಮೆಯ ಮಾತಲ್ಲ, ಬೇರೆಯದರ ಮಾತು. ಆದರೆ ಜೀವಮಾನವೆಲ್ಲ ಕೊಳೆಯ ಮೇಲೆ ಹೊಡೆದಾಡಿದವಳಿಗೆ ಶುಚಿಯೂ ಕೊಳೆಯಾಗಬಹುದು ಎಂದು ಹೊಳೆಯುವುದು ಹೇಗೆ?

ಅವತ್ತು ಸಂಜೆ ಅವಳು ಮೇಡಂ ಕೋಣೆಗೆ ಹೋಗಿ, ಕಾರಣ ಹೇಳದೆ, “ಗುರುವಾರದ್ದರಲ್ಲಿ ಒಂದು ಸೀಸೆ ನಮ್ಮೂರಿನ ಆಸ್ಪತ್ರೆಗೆ ಕೊಡಕ್ಕಾಗಲ್ವಾ?” ಎಂದು ಕೇಳಿದಳು.

“ಗುರುವಾರದ ನಂಬರೂ ಯಾರದ್ದೋ ಅಲ್ವೇನಮ್ಮ” ಎಂದರು ಮೇಡಂ.

ಆಸ್ಪತ್ರೆಯಲ್ಲಿ ಡಾಕ್ಟರು ಕಾಯಲಿಲ್ಲ. ಗಡ್ಡೆ ಬೆಳೆಯುತ್ತಿತ್ತು. ಔಷಧ ಬರುವವರೆಗೆ ತಡೆದಿರಲಿ ಎಂದು ಮಾತ್ರೆ ಶುರುಮಾಡಿದರು. ಆ ಮಾತ್ರೆಗೆ ಅಕ್ಕನ ಅಂಗೈ ಸುಲಿಯಿತು, ಬಾಯಿ ಹುಣ್ಣಾಯಿತು. ಬೈಯುವುದೂ ಕಷ್ಟವಾಯಿತು, ಅಕ್ಕನಿಗೆ ಅದೇ ದೊಡ್ಡ ನೋವು.

ಮೂರನೆಯ ವಾರ ಲಕಲಕಮ್ಮ ಬಿರಡೆಗಳನ್ನು ಎರಡು ಸಲ ಉಜ್ಜಿದಳು. ಮಂಗಳವಾರ ಎಂಬತ್ತೊಂದು ಬಂತು.

ಬುಧವಾರ ಅವಳು ಗುರುವಾರದ ಸಾಮಾನು ತೊಳೆಯುತ್ತಿದ್ದಳು. ಸೀಸೆ ಮುಗಿಯಿತು. ಬಿರಡೆಗಳ ಬುಟ್ಟಿಯನ್ನು ಎರಡು ನೀರಿನಲ್ಲಿ ಅದ್ದಿ ಪಕ್ಕಕ್ಕಿಟ್ಟಳು. ಇಟ್ಟ ಕೈ ಅಲ್ಲೇ ನಿಂತಿತು. ಇವನ್ನು ಉಜ್ಜಿಲ್ಲ. ಹೋದ ಬುಧವಾರವೂ ಉಜ್ಜಿಲ್ಲ, ಅದರ ಹಿಂದಿನ ಬುಧವಾರವೂ ಇಲ್ಲ. ಗುರುವಾರದ ಸೀಸೆ ಗೊತ್ತಿಲ್ಲದ ಊರಿನ ಗೊತ್ತಿಲ್ಲದ ಜನಕ್ಕೆ; ಅವರಿಗೆ ನಿಯಮ ಸಾಕು ಎಂದು ಅವಳ ಕೈಗೆ ತಾನಾಗಿ ಗೊತ್ತಿತ್ತು. ಗುರುವಾರದ್ದು ಕೆಡಲೇ ಇಲ್ಲ. ಬುಟ್ಟಿ ಅಲ್ಲೇ ಬಿಟ್ಟು, ಗೌನು ಕೂಡ ತೆಗೆಯದೆ, ಕಾರಿಡಾರಿನ ಉದ್ದಕ್ಕೂ ನಡೆದು ಮೇಡಂ ಕೋಣೆಗೆ ಹೋದಳು.

ಎಲ್ಲವನ್ನೂ ಹೇಳಿದಳು. ಬ್ರಷ್ಷು, ಆಸಿಡ್ಡು, ಅಕ್ಕ, ಅಕ್ಕನ ನಂಬರು, ಗೋಡೆಯ ಮೇಲಿನ ನಿಯಮ. ಮೇಡಂ ಒಂದು ಬಿರಡೆಯನ್ನು ಭೂತಗನ್ನಡಿಯ ಕೆಳಗಿಟ್ಟು ಬಹಳ ಹೊತ್ತು ನೋಡಿದರು.

“ಇದರ ಮೇಲೆ ಕಣ್ಣಿಗೆ ಕಾಣದ ಒಂದು ಪದರ ಇರತ್ತೆ. ರಬ್ಬರಿನೊಳಗೆ ಸತು ಇದೆ, ಅದು ಹೊರಗೆ ಬರಬಾರದು ಅಂತಾನೇ ಆ ಪದರ. ನೀವು ಉಜ್ಜಿ ಅದನ್ನ ತೆಗೆದಿದೀರ. ಆಸಿಡ್ ಉಳಿದಿದ್ದನ್ನ ಮಾಡಿದೆ.”

“ಸತು ಒಳಗೇ ಇತ್ತಾ?”

“ಮೊದಲಿಂದಲೂ ಇತ್ತು. ಬಿಟ್ಟಿದ್ರೆ ಅಲ್ಲೇ ಇರ್ತಿತ್ತು.”

ಮೇಡಂ ಬೈಯಲಿಲ್ಲ. ಪುಸ್ತಕ ತಂದು ಮುಂದಿಟ್ಟು, ಆದದ್ದನ್ನು ಆದ ಹಾಗೆ ಬರೆಯಲು ಹೇಳಿದರು. ಲಕಲಕಮ್ಮ ‘ಹೆಚ್ಚು ತೊಳೆದೆ’ ಎಂದು ಬರೆದು ಸಹಿ ಹಾಕಿದಳು. ಇಪ್ಪತ್ತೆರಡು ವರ್ಷದಲ್ಲಿ ಅವಳ ಹೆಸರಿನ ಮುಂದೆ ಬಿದ್ದ ಮೊದಲ ತಪ್ಪು ಅದು. ಹೊರಗೆ ಕೈಯಣ್ಣ ಸಮಾಧಾನಕ್ಕೆಂದು, “ಅತಿಯಾದ್ರೆ ಅಮೃತಾನೂ ವಿಷ ಅಲ್ವಾ” ಎಂದ. ಅವಳಿಗೆ ಅವನ ಕೆನ್ನೆಗೆ ಬಾರಿಸಬೇಕು ಎನ್ನಿಸಿತು. ಗಾದೆ ಹೇಳುವವರಿಗೆ ಇಷ್ಟಾದರೂ ಗೊತ್ತಿರಬೇಕು, ಅದು ಕೇಳುವವರಿಗೆ ಮೊದಲೇ ಗೊತ್ತಿರುತ್ತದೆ.

ಮುಂದಿನ ಮಂಗಳವಾರದ ಕೆಲಸಕ್ಕೆ ಬೇರೆಯವರನ್ನು ಹಾಕುತ್ತಾರೆ ಎಂದುಕೊಂಡಿದ್ದಳು. ಆದರೆ ಆ ಕೆಲಸ ಬಲ್ಲ ಬೇರೆಯವರು ಇರಲಿಲ್ಲ. “ಗುರುವಾರಕ್ಕೆ ಹೇಗೆ ತೊಳೀತೀರೋ ಹಾಗೇ ತೊಳೀರಿ” ಎಂದರು ಮೇಡಂ. ಹೇಳಲು ಸುಲಭ. ಸೋಮವಾರ ಅವಳು ಹೊಸ ಬಿರಡೆಗಳನ್ನು ಎರಡು ನೀರಿನಲ್ಲಿ ಅದ್ದಿದಳು. ಕೈ ಮೂರನೆಯ ನೀರಿಗೆ ತಾನಾಗಿ ಹೋಗುತ್ತಿತ್ತು, ಎಳೆದುಕೊಂಡಳು. ಇಷ್ಟು ಕಷ್ಟದ ತೊಳೆತವನ್ನು ಅವಳು ಹಿಂದೆ ಮಾಡಿರಲಿಲ್ಲ. ಮಂಗಳವಾರ ಕಾಗದದ ಪಟ್ಟಿ ತೊಂಬತ್ತೊಂಬತ್ತು ತೋರಿಸಿತು.

ಅದೇ ಬೆಳಿಗ್ಗೆ ಆಸ್ಪತ್ರೆಯಲ್ಲಿ ಅಕ್ಕನ ರಕ್ತ ನೋಡಿದ್ದರು. ಈ ಔಷಧ ಕೊಡಬೇಕಾದರೆ ರಕ್ತ ಹೆಪ್ಪುಗಟ್ಟಿಸುವ ಕಣಗಳು ಒಂದು ಗೆರೆಯ ಮೇಲಿರಬೇಕು. ಮಾತ್ರೆ ಅವನ್ನು ಗೆರೆಯ ಕೆಳಗೆ ತಂದಿತ್ತು. ಮಾತ್ರೆ ನಿಲ್ಲಿಸಿ ಕಾಯೋಣ ಎಂದರು ಡಾಕ್ಟರು. ಲುಟೇಶಿಯಂ ಯಾರಿಗೂ ಕಾಯುವುದಿಲ್ಲ. ಆ ಬುಧವಾರ ಅಕ್ಕನ ಸೀಸೆ ಪಟ್ಟಿಯಲ್ಲಿದ್ದ ಮುಂದಿನ ನಂಬರಿಗೆ ಹೋಯಿತು. ಅದು ಯಾರೆಂದು ಲಕಲಕಮ್ಮ ಕೇಳಲಿಲ್ಲ. ಮುಂದಿನ ಐದು ವಾರದಲ್ಲಿ ಮೂರು ಸಲ ರಕ್ತ ನೋಡಿದರು. ಒಮ್ಮೆ ಗೆರೆಯ ಹತ್ತಿರ ಬಂತು, ದಾಟಲಿಲ್ಲ. ಅಷ್ಟರಲ್ಲಿ ಯಕೃತ್ತು ಸೋಲುತ್ತಿತ್ತು. ಡಾಕ್ಟರು ಅಕ್ಕನ ನಂಬರನ್ನು ಪಟ್ಟಿಯಿಂದ ತೆಗೆದರು. ಆ ಮೂರು ವಾರ ಸಿಕ್ಕಿದ್ದರೆ ಏನಾಗುತ್ತಿತ್ತು ಎಂದು ಅಕ್ಕನ ಮಗಳು ಕೇಳಿದಳು. “ಅದನ್ನ ಹೇಳಕ್ಕಾಗಲ್ಲಮ್ಮ” ಎಂದರು ಡಾಕ್ಟರು. ಅವರು ಹೇಳಿದ್ದು ನಿಜ, ಆದರೆ ಅದರಿಂದ ಯಾರಿಗೂ ಉಪಯೋಗವಾಗಲಿಲ್ಲ.

ಮೇಡಂ ಮುಂದೆ ಒಂದು ಗಳಿಗೆಯೂ ತಡಮಾಡದ ಲಕಲಕಮ್ಮ ಅಕ್ಕನ ಮುಂದೆ ಆರು ವಾರ ಬಾಯಿ ಬಿಟ್ಟಿರಲಿಲ್ಲ. ನಂಬರು ತೆಗೆದ ಮಾರನೆಯ ದಿನ, ಭಾನುವಾರ ಮಧ್ಯಾಹ್ನ, ಅಕ್ಕನ ಮನೆಯ ಮುಂದಿನ ಕೋಣೆಯಲ್ಲಿ, ಹೊಲಿಗೆ ಯಂತ್ರದ ಪಕ್ಕ ಹಾಕಿದ್ದ ಮಂಚದ ಅಂಚಿನಲ್ಲಿ ಕೂತಳು. ಗಂಡನೂ ಜೊತೆಗೆ ಬಂದಿದ್ದ. ಅವನು ಬಾಗಿಲ ಬಳಿ ನಿಂತು ಬೀದಿ ನೋಡುವವನಂತೆ ನಟಿಸಿದ.

“ಔಷಧ ಮೂರು ವಾರ ಕೆಟ್ಟಿದ್ದು ನನ್ನಿಂದ ಅಕ್ಕ” ಎಂದಳು.

ಅಕ್ಕ ಕಣ್ಣು ತೆರೆದಳು. ಲಕಲಕಮ್ಮ ಒಂದನ್ನೂ ಬಿಡದೆ ಹೇಳಿದಳು. ಸತು, ಪದರ, ಗೂಡು, ಎಲ್ಲ. ಹೇಳುತ್ತ ಹೋದಂತೆ ಬೈಗುಳಕ್ಕೆ ಬೆನ್ನು ಕೊಟ್ಟು ಕಾಯುತ್ತಿದ್ದಳು. ಅಕ್ಕನ ಬೈಗುಳ ಅವಳಿಗೆ ಚಿಕ್ಕಂದಿನಿಂದ ಗೊತ್ತು. ಒಂದು ಗಂಟೆ ಸುಡುತ್ತದೆ, ಆಮೇಲೆ ತಣ್ಣಗಾಗುತ್ತದೆ. ಅದು ಬಂದರೆ ಹೊತ್ತುಕೊಂಡು ಬದುಕಬಹುದಿತ್ತು.

“ಗುರುವಾರದವರಿಗೆ ಉಜ್ಜಲಿಲ್ವಾ?” ಎಂದಳು ಅಕ್ಕ.

“ಇಲ್ಲ.”

“ನನ್ನದು ಮಾತ್ರ?”

“ಹ್ಞೂಂ.”

“ಎಷ್ಟು ಬಿರಡೆ?”

“ಮೂವತ್ತು. ವಾರಕ್ಕೆ.”

“ಒಂದೊಂದನ್ನೂ?”

“ಒಂದೊಂದನ್ನೂ ಅಕ್ಕ.”

ಅಕ್ಕ ಸುಲಿದ ಅಂಗೈಯನ್ನು ಹೊದಿಕೆಯ ಮೇಲೆ ಮೇಲ್ಮುಖವಾಗಿ ಇಟ್ಟಿದ್ದಳು. ಅವಳ ಮುಖದಲ್ಲಿ ಬಂದದ್ದು ಸಿಟ್ಟಲ್ಲ, ದುಃಖವೂ ಅಲ್ಲ. ಅವಳಿಗೆ ಸಂತೋಷವಾಗಿತ್ತು. ಅದನ್ನು ನೋಡಿ ಲಕಲಕಮ್ಮ ಅಳಲು ಶುರುಮಾಡಿದಳು. “ಬೈಯೇ, ನಾಲ್ಕು ಮಾತು ಬೈಯೇ” ಎಂದು ಬೇಡಿಕೊಂಡಳು.

“ಯಾಕೆ ಬೈಯಲಿ? ಜನ್ಮದಲ್ಲಿ ನನಗೆ ಅಂತ ಯಾರು ಏನು ಹೆಚ್ಚಿಗೆ ಮಾಡಿದಾರೆ?” ಎಂದಳು ಅಕ್ಕ. “ಇನ್ನೊಂದು ಸಲ ಹೇಳು. ಆ ಬ್ರಷ್ಷು ಎಂಥದ್ದು?”

ಅವಳು ಇನ್ನೊಂದು ಸಲ ಹೇಳಬೇಕಾಯಿತು.

ಸಂಜೆಯೊಳಗೆ ಅಕ್ಕ ಆ ಕಥೆಯನ್ನು ಮೂವರಿಗೆ ಹೇಳಿದಳು. ಪಕ್ಕದ ಮನೆಯವಳಿಗೆ, ಮಗಳಿಗೆ, ಫೋನಿನಲ್ಲಿ ತಮ್ಮನಿಗೆ. ಇನ್ನೂ ಮಾಯದ ಬಾಯಿಹುಣ್ಣಿನ ಮಧ್ಯೆಯೇ, ನಿಲ್ಲಿಸಿ ನಿಲ್ಲಿಸಿ ಹೇಳಿದಳು. ತಂಗಿ ತನಗೋಸ್ಕರ ಮೂರು ವಾರ ಒಂದೊಂದು ಬಿರಡೆಯನ್ನೂ ಬ್ರಷ್ ಹಾಕಿ ಉಜ್ಜಿದ್ದಳಂತೆ, ರಾತ್ರಿಯಿಡೀ ನೆನೆಸಿದ್ದಳಂತೆ, ಬೇರೆ ಯಾರಿಗೂ ಹಾಗೆ ಮಾಡಿರಲಿಲ್ಲವಂತೆ. ಲಕಲಕಮ್ಮ ಅದೇ ಮಂಚದ ಅಂಚಿನಲ್ಲಿ ಕೂತು ಮೂರು ಸಲವೂ ಕೇಳಿದಳು. ಔಷಧ ಕೆಟ್ಟ ಭಾಗವನ್ನು ಅಕ್ಕ ಯಾರಿಗೂ ಹೇಳಲಿಲ್ಲ.